ಬೇಸಿಗೆಯ ಬಳಿಕದ ನೇಮ
ಬೆಂಗಳೂರಿನ ಕುಮಾರ ಪಾರ್ಕ್, ಮಲ್ಲೇಶ್ವರ, ಬಸವನಗುಡಿಗಳ ಮಾಧ್ವ ಮನೆಗಳಲ್ಲಿ ಮಾವು, ಹಲಸು, ಮದುವೆಯೂಟಗಳ ಬೇಸಿಗೆ ಕಳೆದ ಮೇಲೆ ಊಟವನ್ನು ಹದಕ್ಕೆ ತರುತ್ತಿದ್ದುದು ಚಾತುರ್ಮಾಸ್ಯ, ಅಂದರೆ ಆಷಾಢ ಶುಕ್ಲಪಕ್ಷದಿಂದ ಕಾರ್ತಿಕ ಶುಕ್ಲಪಕ್ಷದವರೆಗೆ ನಡೆಯುವ ನಾಲ್ಕು ತಿಂಗಳ ವ್ರತ. ಮೊದಲ ತಿಂಗಳ ಶಾಕವ್ರತದಲ್ಲಿ ತರಕಾರಿ, ಸೊಪ್ಪುಗಳಷ್ಟೇ ಅಲ್ಲದೆ ಹುಣಸೆ, ಮೆಣಸಿನಕಾಯಿ, ಕೊತ್ತಂಬರಿಗಳೂ ವರ್ಜ್ಯವಾದುದರಿಂದ, ಹೆಸರುಬೇಳೆಗೆ ಜೀರಿಗೆ, ಕಾಳುಮೆಣಸು ಕುಟ್ಟಿ ಹಾಕಿ, ಹುಳಿಗೆ ಒಣ ಮಾವಿನಕಾಯಿ ಸೇರಿಸಿ ಕುದಿಸಿದ ಸಾರೇ ಆ ದಿನಗಳ ಆಧಾರ. ಮುಂದೆ ಕ್ರಮವಾಗಿ ಮೊಸರು, ಹಾಲು, ಕೊನೆಗೆ ದ್ವಿದಳ, ಎಂದರೆ ಎರಡು ಹೋಳಾಗುವ ಬೇಳೆಕಾಳು, ಎಲೆಯಿಂದ ಮರೆಯಾಗುತ್ತವೆ. ಇದರ ಉದ್ದೇಶ ಹರಿಸೇವೆಯೇ ಹೊರತು ಮೈಕಟ್ಟಲ್ಲವೆಂಬುದನ್ನು ಮರೆಯಬಾರದು. ಆದರೂ ನಾಲಿಗೆಯನ್ನು ತಿಂಗಳಿಗೊಂದು ನಿಯಮದಂತೆ ಪಳಗಿಸುವ ಈ ಕ್ರಮದ ಜಾಣ್ಮೆ ಮೆಚ್ಚತಕ್ಕದ್ದು.

ಅಂಗಸಾಧನೆಗೆ ಬೇರೆಯೇ ನೆಲೆಗಳಿದ್ದವು. ಪೇಟೆಯ ಗರಡಿಮನೆಗಳು, ಅಂದರೆ ಕೆಮ್ಮಣ್ಣಿನ ಅಂಕಣದಲ್ಲಿ ಕುಸ್ತಿ ಕಲಿಸುವ ತಾಣಗಳು, ದಂಡ, ಬಸ್ಕಿಗಳನ್ನು ಉಳಿಸಿಕೊಂಡಿದ್ದ ಕಾಲದಲ್ಲೇ ಕೆ.ವಿ. ಅಯ್ಯರ್ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವುದನ್ನೂ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಒಂದುಗೂಡಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಅಂಗಸಾಧನೆಯ ಪುಸ್ತಕ ಪ್ರಕಟಿಸಿದ ಇವರೇ ಮುಂದೆ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳುಹಿಸುತ್ತಿದ್ದುದರಿಂದ ಇವರ ಶಿಷ್ಯವರ್ಗ ಬೆಂಗಳೂರಿನಾಚೆಗೂ ಹಬ್ಬಿತ್ತು.