ಬಿಳಿಸೆರಗಿನಿಂದ ಸಂಕೇತ ಸಂಖ್ಯೆಯವರೆಗೆ: ಗರ್ಭಿಣಿಯರ ಯೋನಿಸೋಂಕಿನ ದಾಖಲೀಕರಣದ ಚರಿತ್ರೆ

ವೈದ್ಯಚರಿತ್ರೆಯೆಂದರೆ ಔಷಧಗಳ, ಶಸ್ತ್ರಚಿಕಿತ್ಸೆಗಳ ಹಾಗೂ ಮಹಾವೈದ್ಯರ ಚರಿತ್ರೆಯೆಂದು ಭಾವಿಸುವುದು ರೂಢಿ. ರೋಗಗಳಿಗೆ ಹೆಸರಿಟ್ಟು, ಅವನ್ನು ವರ್ಗಗಳಾಗಿ ವಿಂಗಡಿಸಿ, ದಾಖಲೆಯಲ್ಲಿ ಎಣಿಕೆಗೆ ತಂದ ಕ್ರಮಕ್ಕೂ ಒಂದು ಚರಿತ್ರೆಯಿದೆ. ಯಾವ ಬಾಧೆ ಲೆಕ್ಕಕ್ಕೆ ಬರುತ್ತದೆ, ಯಾವುದು ಹೊರಗುಳಿಯುತ್ತದೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ. ಗರ್ಭಿಣಿಯರ ಯೋನಿಸೋಂಕು ಈ ವರ್ಗೀಕರಣದಲ್ಲಿ ಸ್ಥಾನ ಪಡೆದ ಬಗೆಯನ್ನೂ ಆ ಸ್ಥಾನದ ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮರಣದ ಲೆಕ್ಕ

ಆಧುನಿಕ ರೋಗವರ್ಗೀಕರಣವು ಹುಟ್ಟಿದ್ದು ಸತ್ತವರನ್ನು ಎಣಿಸುವ ಸಲುವಾಗಿ. ಇಂಗ್ಲೆಂಡಿನಲ್ಲಿ 1837ರಲ್ಲಿ ಜನನ ಮರಣಗಳ ನಾಗರಿಕ ನೋಂದಣಿ ಆರಂಭವಾದ ಬಳಿಕ ವಿಲಿಯಂ ಫಾರ್ ಮರಣಕಾರಣಗಳನ್ನು ವ್ಯವಸ್ಥಿತವಾಗಿ ವಿಂಗಡಿಸತೊಡಗಿದನು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮಾವೇಶವು ಎಲ್ಲ ದೇಶಗಳಿಗೂ ಅನ್ವಯಿಸುವ ಪಟ್ಟಿಯೊಂದನ್ನು ಸಿದ್ಧಪಡಿಸುವಂತೆ ಫಾರ್ ಹಾಗೂ ಜಿನೀವಾದ ಮಾರ್ಕ್ ದೆಸ್ಪಿನ್ ಇವರನ್ನು ಕೋರಿತು. 1893ರಲ್ಲಿ ಷಿಕಾಗೋದಲ್ಲಿ ಅಂಗೀಕೃತವಾದ ಪ್ಯಾರಿಸ್ಸಿನ ಜಾಕ್ ಬರ್ಟಿಲಾನನ ಪಟ್ಟಿಯೇ ಇಂದಿನ ಅಂತರರಾಷ್ಟ್ರೀಯ ರೋಗವರ್ಗೀಕರಣದ ಮೂಲ.

ಈ ಪಟ್ಟಿಗಳಲ್ಲಿ ಬಾಣಂತಿ ನಂಜಿಗೆ ಸ್ಥಾನವಿತ್ತು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯಿಸಿ ಸಾವುಗಳನ್ನು ತಗ್ಗಿಸಿದ್ದನ್ನು ನಾವು ಇಂದು ಅರಿತಿರುವುದು ಆ ಸಾವುಗಳನ್ನು ಎಣಿಸಿ ಬರೆದಿಟ್ಟಿದ್ದರಿಂದ. ಆದರೆ ಬಸುರಿಯ ಯೋನಿಸೋಂಕಿನಿಂದ ಸಾಮಾನ್ಯವಾಗಿ ಅವಳು ಸಾಯುವುದಿಲ್ಲ. ತುರಿಕೆ, ಉರಿ, ದುರ್ವಾಸನೆಯ ಸ್ರಾವಗಳನ್ನು ಅವಳು ಸಹಿಸಿಕೊಂಡು ಬದುಕುತ್ತಾಳೆ. ಮರಣಪಟ್ಟಿಯಲ್ಲಿ ಆ ಸಹನೆಗೆ ಅಂಕಣವಿರಲಿಲ್ಲ. 1948ರ ಆರನೆಯ ಪರಿಷ್ಕರಣೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮರಣಕಾರಣಗಳ ಜೊತೆಗೆ ಅನಾರೋಗ್ಯವನ್ನೂ ಸೇರಿಸಿದ ಮೇಲೆಯೇ ಇಂತಹ ಬಾಧೆಗಳಿಗೆ ಅಂತರರಾಷ್ಟ್ರೀಯ ದಾಖಲೆಯ ಬಾಗಿಲು ತೆರೆಯಿತು.

2. ಸೂಕ್ಷ್ಮದರ್ಶಕದ ಸಾಕ್ಷ್ಯ

ಪ್ರಯೋಗಾಲಯದ ಅರಿವು ಈ ಹೊತ್ತಿಗೆ ಬಹಳ ಮುಂದುವರಿದಿತ್ತು. 1836ರಲ್ಲಿಯೇ ಪ್ಯಾರಿಸ್ಸಿನ ಆಲ್ಫ್ರೆಡ್ ಡೋನೆ ಯೋನಿಸ್ರಾವದಲ್ಲಿ ಟ್ರೈಕೋಮೊನಾಸ್ ಎಂಬ ಜೀವಿಯನ್ನು ಕಂಡಿದ್ದನು. 1892ರಲ್ಲಿ ಜರ್ಮನಿಯ ಡೋಡರ್ಲೈನ್ ಯೋನಿಯಲ್ಲಿ ಸಹಜವಾಗಿ ವಾಸಿಸುವ, ಆಮ್ಲವನ್ನು ಉತ್ಪಾದಿಸುವ ದಂಡಾಣುಗಳನ್ನು ವಿವರಿಸಿದನು. 1955ರಲ್ಲಿ ಅಮೆರಿಕದ ಗಾರ್ಡನರ್ ಮತ್ತು ಡ್ಯೂಕ್ಸ್ ಗುರುತಿಸಿದ ಬ್ಯಾಕ್ಟೀರಿಯಕ್ಕೆ 1980ರಲ್ಲಿ ಗಾರ್ಡ್ನೆರೆಲ್ಲಾ ಎಂಬ ಹೆಸರಾಯಿತು. ಇದಕ್ಕೆ ಸಂಬಂಧಿಸಿದ ಸ್ಥಿತಿಯಲ್ಲಿ ಉರಿಯೂತದ ಲಕ್ಷಣಗಳು ಅಲ್ಪವಾದ್ದರಿಂದ ‘ವಜೈನೈಟಿಸ್’ ಎನ್ನದೆ ‘ಬ್ಯಾಕ್ಟೀರಿಯಲ್ ವಜೈನೋಸಿಸ್’ ಎನ್ನುವುದು 1980ರ ದಶಕದಲ್ಲಿ ರೂಢಿಗೆ ಬಂದಿತು. 1983ರ ಆಮ್ಸೆಲ್ ಮಾನದಂಡಗಳು ಹಾಗೂ 1991ರ ನ್ಯೂಜೆಂಟ್ ಅಂಕಪದ್ಧತಿ ಇದರ ನಿರ್ಣಯಕ್ಕೆ ಖಚಿತತೆ ತಂದವು.

ಅವಧಿಗೆ ಮುನ್ನ ಆಗುವ ಹೆರಿಗೆಗೂ ಈ ಸ್ಥಿತಿಗೂ ನಂಟಿದೆಯೆಂಬುದು ಅಧ್ಯಯನಗಳಿಂದ ವ್ಯಕ್ತವಾದಾಗ ಪ್ರಶ್ನೆಯು ಗಂಭೀರವಾಯಿತು. ಆದರೆ 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ, ರೋಗಲಕ್ಷಣಗಳಿಲ್ಲದ ಗರ್ಭಿಣಿಯರಿಗೆ ಮೆಟ್ರೊನಿಡಜೋಲ್ ನೀಡಿದ್ದರಿಂದ ಅಂತಹ ಹೆರಿಗೆಗಳು ಕಡಮೆಯಾಗಲಿಲ್ಲ. ಲಕ್ಷಣವಿದ್ದವರು, ಇಲ್ಲದವರು, ಸೋಂಕು ಕಂಡ ತಿಂಗಳು, ಕಾರಣವಾದ ಜೀವಿ ಇವನ್ನು ಬೇರ್ಪಡಿಸಿ ಬರೆದ ದಾಖಲೆಯ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

3. ಸಂಕೇತದ ರಚನೆ

1990ರಲ್ಲಿ ಅನುಮೋದನೆ ಪಡೆದ ಹತ್ತನೆಯ ಪರಿಷ್ಕರಣೆಯ ಹದಿನೈದನೆಯ ಅಧ್ಯಾಯವು ಗರ್ಭಧಾರಣೆ, ಹೆರಿಗೆ ಮತ್ತು ಬಾಣಂತನಕ್ಕೆ ಮೀಸಲಾಗಿದೆ. ಅದರಲ್ಲಿ ‘ಒ 23’ ಗರ್ಭಿಣಿಯ ಮೂತ್ರಾಂಗ ಹಾಗೂ ಜನನಾಂಗಗಳ ಸೋಂಕಿನ ವರ್ಗ, ‘ಒ 23.5’ ಜನನಾಂಗದ ಸೋಂಕು. ಟ್ರೈಕೋಮೊನಾಸ್ ಎಂದು ಖಚಿತವಾಗಿ ಬರೆದಿದ್ದರೆ ಅದು ‘ಒ 98.3’ಕ್ಕೆ ಹೋಗುತ್ತದೆ. ಬಸುರಿಯೆಂಬ ಮಾತೇ ದಾಖಲೆಯಲ್ಲಿ ಇಲ್ಲದಿದ್ದರೆ ಯೋನಿಯ ಉರಿಯೂತವು ‘ಎನ್ 76’ರಲ್ಲಿ, ಅಂದರೆ ಸಾಮಾನ್ಯ ಸ್ತ್ರೀರೋಗಗಳ ನಡುವೆ, ಸೇರಿಹೋಗುತ್ತದೆ. ಕೇವಲ ‘ಬಿಳಿಸ್ರಾವ’ ಎಂದಷ್ಟೇ ಬರೆದಿದ್ದರೆ ದೊರೆಯುವುದು ‘ಎನ್ 89.8’, ಆ ವರ್ಗದ ಶೀರ್ಷಿಕೆಯಾದರೋ ಉರಿಯೂತವಲ್ಲದ ವಿಕಾರಗಳು! ಒಂದೇ ತೊಂದರೆಯಿಂದ ಬಂದ ನಾಲ್ವರು ಹೆಂಗಸರು ವೈದ್ಯರ ಲೇಖನಿಯ ಒಂದೆರಡು ಪದಗಳ ವ್ಯತ್ಯಾಸದಿಂದ ಹೀಗೆ ನಾಲ್ಕು ಕಡೆ ಚದರಿಹೋಗುತ್ತಾರೆ.

ಅಮೆರಿಕವು 2015ರ ಅಕ್ಟೋಬರ್ 1ರಿಂದ ಬಳಕೆಗೆ ತಂದ ತನ್ನ ಆವೃತ್ತಿಯಲ್ಲಿ ಇನ್ನಷ್ಟು ಸೂಕ್ಷ್ಮತೆಯಿದೆ. ಗರ್ಭಿಣಿಯ ಯೋನಿಸೋಂಕು ಮೊದಲ ತ್ರೈಮಾಸಿಕದಲ್ಲಾದರೆ ‘ಒ 23.591’, ಎರಡನೆಯದರಲ್ಲಿ ‘592’, ಮೂರನೆಯದರಲ್ಲಿ ‘593’ ಎಂದು ಕೊನೆಯಾಗುತ್ತದೆ. ತ್ರೈಮಾಸಿಕ ಬರೆಯದಿದ್ದರೆ ‘599’. ಗರ್ಭಧಾರಣೆಯ ಅಧ್ಯಾಯದ ಸಂಕೇತಗಳಿಗೆ ಆದ್ಯತೆ ಸಲ್ಲಬೇಕು; ಬಾಧೆಗೂ ಗರ್ಭಕ್ಕೂ ಸಂಬಂಧವಿಲ್ಲವೆಂದಾದರೆ ಚಿಕಿತ್ಸೆ ನೀಡಿದವರೇ ಅದನ್ನು ಬರೆದು ತಿಳಿಸಬೇಕು ಎಂಬುದು ಅಲ್ಲಿನ ನಿಯಮ. ಸಂಕೇತ ನೀಡುವವನಿಗೆ ಊಹಿಸುವ ಅಧಿಕಾರವಿಲ್ಲ. ಇಷ್ಟಾದರೂ ಉರಿಯೂತವಲ್ಲವೆಂದೇ ಹೊಸ ಹೆಸರು ಪಡೆದ ವಜೈನೋಸಿಸ್, ಗರ್ಭಿಣಿಯಲ್ಲದವಳಲ್ಲಿ ‘ಉರಿಯೂತ’ದ ಸಂಕೇತವನ್ನೇ ಹೊತ್ತಿತು ಎಂಬುದು ಗಮನಾರ್ಹ.

4. ನಮ್ಮ ನೆಲದ ಸಂದರ್ಭ

ಕನ್ನಡನಾಡಿನ ಹೆಂಗಸರು ಈ ಬಾಧೆಯನ್ನು ಬಿಳಿಸೆರಗು, ಬಿಳಿಮುಟ್ಟು ಎಂದು ಕರೆಯುತ್ತ ಬಂದಿದ್ದಾರೆ. ಸಹಜ ಸ್ರಾವವನ್ನೂ ಸೋಂಕನ್ನೂ ಒಳಗೊಳ್ಳುವ ಈ ಮಾತುಗಳನ್ನು ಮನೆಯ ಹಿರಿಯ ಹೆಂಗಸರಲ್ಲಿ ತಗ್ಗಿದ ದನಿಯಲ್ಲಿ ಆಡುವುದುಂಟು. ಗಂಡಸು ವೈದ್ಯರ ಮುಂದೆ ಆಡುವುದು ಅಪರೂಪ. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ರಾಣಿ ಬಂಗ್ ಹಾಗೂ ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದ್ದುದು ಕಂಡುಬಂದಿತು. ಹಿಂದೆ ಎಂದಾದರೂ ಸ್ತ್ರೀರೋಗ ಪರೀಕ್ಷೆಗೆ ಒಳಗಾಗಿದ್ದವರು ಶೇಕಡ 8 ಮಾತ್ರ. ಅದು ಗರ್ಭಿಣಿಯರಿಗೆ ಸೀಮಿತವಾದ ಅಧ್ಯಯನವಲ್ಲ; ಆದರೂ ದಾಖಲೆಯ ಹೊರಗೆ ಉಳಿದಿದ್ದ ಸಂಕಟದ ಪ್ರಮಾಣವನ್ನು ಅದು ತೋರಿಸಿಕೊಟ್ಟಿತು.

2007ರ ರಾಷ್ಟ್ರೀಯ ಮಾರ್ಗಸೂಚಿಯು ಲಕ್ಷಣಾಧಾರಿತ ಚಿಕಿತ್ಸೆಯನ್ನು ವಿಧಿಸಿ, ಯೋನಿಸ್ರಾವಕ್ಕೆ ಹಸಿರು ಬಣ್ಣದ ಔಷಧ ಕಿಟ್ಟನ್ನು ಗೊತ್ತುಪಡಿಸಿತು. ಪ್ರಯೋಗಾಲಯವಿಲ್ಲದ ಕಡೆ ಇದು ಉಪಕಾರಿಯೇ. ಆದರೆ ಲಕ್ಷಣವನ್ನು ಮಾತ್ರ ಆಧರಿಸಿದಾಗ ಕಾರಣವಾದ ಜೀವಿ ಯಾವುದೆಂಬುದು ದಾಖಲೆಗೆ ಬರುವುದಿಲ್ಲ. ಬಾಯಿಬಿಟ್ಟು ಹೇಳದ ಹೆಂಗಸು ಲಕ್ಷಣದ ಲೆಕ್ಕಕ್ಕೂ ಸೇರುವುದಿಲ್ಲ.

5. ಉಪಸಂಹಾರ

2019ರಲ್ಲಿ ಅಂಗೀಕೃತವಾದ ಹನ್ನೊಂದನೆಯ ಪರಿಷ್ಕರಣೆಯು 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಸಂಕೇತಗಳು ಹೆಚ್ಚುತ್ತ ಸೂಕ್ಷ್ಮವಾಗುತ್ತ ಬಂದಿವೆಯಾದರೂ ಸಂಕೇತವು ಬರೆದುದನ್ನು ಮಾತ್ರ ಎಣಿಸಬಲ್ಲದು. ಬರೆಯುವುದಕ್ಕೆ ಮೊದಲು ಕೇಳಬೇಕು. ಕೇಳಿದವರಿಗೆ ಬಿಳಿಸೆರಗೆಂಬ ಮಾತಿನ ಅರ್ಥ ತಿಳಿದಿರಬೇಕು. ಆ ಮಾತನ್ನು ಕೇಳಿ, ಗರ್ಭದ ತಿಂಗಳನ್ನೂ ಪರೀಕ್ಷೆಯ ಫಲಿತವನ್ನೂ ಸೇರಿಸಿ ಬರೆದಿಡುವ ಶುಶ್ರೂಷಕಿ ಅಥವಾ ವೈದ್ಯೆಯ ಒಂದು ಸಾಲೇ ಈ ವರ್ಗೀಕರಣದ ಅಡಿಗಲ್ಲು. ಆ ಸಾಲು ಇಲ್ಲದಲ್ಲಿ ಎಷ್ಟು ಪರಿಷ್ಕರಣೆಗಳಾದರೂ ಗರ್ಭಿಣಿಯ ಬಾಧೆ ಚರಿತ್ರೆಯ ಹೊರಗೇ ಉಳಿಯುತ್ತದೆ.