ತಳದಲ್ಲೊಂದು ಹೆಸರು: ಯೀಶಿಂಗ್ ಚಹಾ ಗಿಂಡಿಯ ಚರಿತ್ರೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕಟ್ಟುವುದರ ಕಷ್ಟವನ್ನೂ ಕೆಡವುದರ ಸುಲಭವನ್ನೂ ಹೇಳುವ ಆ ಮಾತಿನಲ್ಲಿ ಕುಂಬಾರನಿಗೆ ಹೆಸರಿಲ್ಲ. ಲೋಕದ ಬಹುಪಾಲು ಕುಂಬಾರರಿಗೂ ಹೆಸರಿಲ್ಲ. ಮಡಕೆಯ ಚೂರಾದರೂ ಮಣ್ಣಿನಡಿ ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ಮಾಡಿದವನ ಹೆಸರು ಒಂದೆರಡು ತಲೆಮಾರಿನಲ್ಲಿ ಅಳಿಯುತ್ತದೆ. ಪುರಾತತ್ತ್ವಜ್ಞರು ಆ ಚೂರಿಗೆ ಊರಿನ ಹೆಸರನ್ನೋ ಬಣ್ಣದ ಹೆಸರನ್ನೋ ಇಡಬಲ್ಲರು, ಕೈಯ ಹೆಸರನ್ನಲ್ಲ.

ಈ ನಿಯಮಕ್ಕೆ ಅಪವಾದವಾದ ಊರೊಂದು ಚೀನಾದಲ್ಲಿದೆ. ಅಲ್ಲಿನ ಕುಂಬಾರರು ಸುಮಾರು ನಾಲ್ಕು ಶತಮಾನಗಳಿಂದ ತಾವು ಮಾಡಿದ ಪುಟ್ಟ ಪಾತ್ರೆಯ ತಳದಲ್ಲಿ ತಮ್ಮ ಹೆಸರನ್ನು ಒತ್ತುತ್ತ ಬಂದಿದ್ದಾರೆ. ಆ ಪಾತ್ರೆ ಚಹಾ ಸೋಸಿ ಬಗ್ಗಿಸುವ ಮಣ್ಣಿನ ಗಿಂಡಿ. (ಮೂತಿಯುಳ್ಳ ಪಾತ್ರೆಗೆ ಕನ್ನಡದಲ್ಲಿ ಮೊದಲೇ ಒಂದು ಹೆಸರಿರುವಾಗ ಇನ್ನೊಂದನ್ನು ಹುಡುಕಬೇಕಾಗಿಲ್ಲವೆಂದು ಇಲ್ಲಿ ಆ ಪದವನ್ನೇ ಬಳಸಿದ್ದೇನೆ.) ಹೆಸರು ಒತ್ತಿದ್ದರಿಂದ ಆ ಕುಂಬಾರರಿಗೆ ದೊರೆತದ್ದೇನು, ಅದರ ಬೆನ್ನಿಗೇ ಬಂದ ಕೇಡೇನು ಎಂಬುದೇ ಈ ಲೇಖನದ ವಿಷಯ.

ಊರಿನ ಹೆಸರು ಯೀಶಿಂಗ್. ಜಿಯಾಂಗ್‌ಸು ಪ್ರಾಂತದಲ್ಲಿ, ತಾಯ್‌ಹು ಎಂಬ ವಿಶಾಲ ಸರೋವರದ ಪಶ್ಚಿಮ ದಂಡೆಯ ಮೇಲಿದೆ. ಅದರ ಪ್ರಾಚೀನ ನಾಮ ಯಾಂಗ್‌ಶಿಯೆನ್. ಕುಂಬಾರಿಕೆಯ ಕೇಂದ್ರ ಅಲ್ಲಿನ ದಿಂಗ್‌ಶು ಪಟ್ಟಣ. ಸಮೀಪದ ಹುವಾಂಗ್‌ಲೊಂಗ್ ಬೆಟ್ಟದಲ್ಲಿ, ಎಂದರೆ ‘ಹಳದಿ ಡ್ರ್ಯಾಗನ್ ಬೆಟ್ಟ’ದಲ್ಲಿ, ಕಲ್ಲಿನಷ್ಟು ಗಟ್ಟಿಯಾಗಿ ಪದರ ಪದರವಾಗಿ ದೊರೆಯುವ ಜೇಡಿಗೆ ಚೀನೀಯರು ‘ಜಿಶಾ’ ಎನ್ನುತ್ತಾರೆ. ಅದರ ಅರ್ಥ ನೇರಳೆ ಮರಳು. ನೇರಳೆಯಲ್ಲದೆ ಕೆಂಪು, ಹಳದಿ ಛಾಯೆಗಳ ಜೇಡಿಯೂ ಉಂಟು. ಕಬ್ಬಿಣದ ಅಂಶ ಹೇರಳವಾಗಿರುವ ಈ ಮಣ್ಣನ್ನು ಅಗೆದು, ಬಿಸಿಲು ಮಳೆಗೆ ತಿಂಗಳುಗಟ್ಟಲೆ ಒಡ್ಡಿ, ಪುಡಿಮಾಡಿ, ಜರಡಿ ಹಿಡಿದು, ನೀರು ಕೂಡಿಸಿ, ಮರದ ಕೊಡತಿಯಿಂದ ಬಡಿದು ಹದಗೊಳಿಸುತ್ತಾರೆ.

ಮಣ್ಣು ಬೆಟ್ಟದಲ್ಲಿ ಮೊದಲಿನಿಂದಲೂ ಇತ್ತು. ಗಿಂಡಿಗೆ ಬೇಡಿಕೆ ಹುಟ್ಟಿದ್ದು ಮಾತ್ರ ಚಹಾ ಕುಡಿಯುವ ರೀತಿ ಬದಲಾದ ಮೇಲೆ. ಸೊಂಗ್ ರಾಜವಂಶದ ಕಾಲದಲ್ಲಿ ಚಹಾ ಎಲೆಯನ್ನು ಬಿಲ್ಲೆಗಳಾಗಿ ಒತ್ತಿ, ಅದನ್ನು ಪುಡಿಮಾಡಿ, ಬಟ್ಟಲಲ್ಲೇ ಬಿಸಿನೀರು ಸುರಿದು ಕಡೆದು ನೊರೆಯೆಬ್ಬಿಸಿ ಕುಡಿಯುತ್ತಿದ್ದರು. ಅಲ್ಲಿ ಬಟ್ಟಲಿಗೆ ಮಹತ್ತ್ವ. ಎಲೆ ನೆನೆಸುವ ಗಿಂಡಿಗೆ ಕೆಲಸವಿಲ್ಲ. 1391ರಲ್ಲಿ ಮಿಂಗ್ ವಂಶದ ಸ್ಥಾಪಕ ಝು ಯುವಾನ್‌ಝಾಂಗ್, ಅರಮನೆಗೆ ಕಾಣಿಕೆಯಾಗಿ ಬರುತ್ತಿದ್ದ ಚಹಾ ಬಿಲ್ಲೆಗಳನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕಳುಹಿಸಬೇಕೆಂದು ಆಜ್ಞೆ ಮಾಡಿದ. ಬಿಲ್ಲೆ ತಯಾರಿಕೆ ಪ್ರಜೆಗಳ ಬೆನ್ನು ಮುರಿಯುವ ದುಡಿಮೆಯಾಗಿದೆ ಎಂಬುದು ಅದಕ್ಕೆ ಕಾರಣ. ಅರಮನೆಯ ರೂಢಿ ಕ್ರಮೇಣ ನಾಡಿನ ರೂಢಿಯಾಯಿತು. ಬಿಡಿ ಎಲೆಯನ್ನು ನೆನೆಸಲು ಮುಚ್ಚಳ ಬೇಕು, ಕಷಾಯವನ್ನು ಬಗ್ಗಿಸಲು ಮೂತಿ ಬೇಕು, ಎಲೆಯನ್ನು ಒಳಗೇ ತಡೆಯಲು ಮೂತಿಯ ಬುಡದಲ್ಲಿ ರಂಧ್ರ ಬೇಕು. ಬಡಜನರ ಹೊರೆ ಇಳಿಸಲೆಂದು ಹೊರಟ ಒಂದು ಆಜ್ಞೆಯಿಂದ ಯೀಶಿಂಗ್‌ನ ಕುಂಬಾರರಿಗೆ ಹೊಸ ಬಾಳು ತೆರೆಯಿತು.

ಈ ಗಿಂಡಿಗಳ ಮೊದಲ ಇತಿಹಾಸಕಾರ ಝೌ ಗಾವ್‌ಚೀ. 1640ರ ಸುಮಾರಿಗೆ ಆತ ಬರೆದ ಪುಟ್ಟ ಗ್ರಂಥದ ಹೆಸರು ‘ಯಾಂಗ್‌ಶಿಯೆನ್ ಮಿಂಗ್‌ಹು ಶೀ’. ಅದರಲ್ಲಿ ಬರುವ ಐತಿಹ್ಯ ಹೀಗಿದೆ. ಒಬ್ಬ ವಿಚಿತ್ರ ಸನ್ಯಾಸಿ ‘ಸಿರಿವಂತಿಕೆ ಮಾರುತ್ತೇನೆ, ಕೊಳ್ಳಿರಿ’ ಎಂದು ಕೂಗುತ್ತ ಹಳ್ಳಿಯ ಬೀದಿಯಲ್ಲಿ ನಡೆದನಂತೆ. ಜನ ನಕ್ಕರು. ಕೆಲವು ಹಿರಿಯರು ಮಾತ್ರ ಬೆನ್ನು ಹತ್ತಿ ಹೋದಾಗ, ಬೆಟ್ಟದಲ್ಲಿ ಬಣ್ಣ ಬಣ್ಣದ ಜೇಡಿಯ ಗುಂಡಿ ತೋರಿಸಿ ಮಾಯವಾದನಂತೆ. ಐತಿಹ್ಯದ ನಂತರ ಬರುವ ವೃತ್ತಾಂತ ಹೆಚ್ಚು ಗಮನಾರ್ಹ. ಜಿನ್‌ಶಾ ಎಂಬ ದೇಗುಲದಲ್ಲಿ ಒಬ್ಬ ಭಿಕ್ಷುವಿದ್ದ. ನಯವಾದ ಜೇಡಿಯನ್ನು ಸೋಸಿ ಗಿಂಡಿ ಮಾಡುವುದನ್ನು ಆತ ಮೊದಲು ಕಂಡುಕೊಂಡ. ಆ ದೇಗುಲದಲ್ಲಿ ಓದಿಗೆಂದು ತಂಗಿದ್ದ ವು ಯೀಶಾನ್ ಎಂಬ ವಿದ್ವಾಂಸನ ಸೇವಕ ಗೊಂಗ್‌ಚುನ್, ಬಿಡುವಿನಲ್ಲಿ ಭಿಕ್ಷುವಿನ ಕೆಲಸವನ್ನು ಗುಟ್ಟಾಗಿ ನೋಡಿ ಕಲಿತ. ಚಹಾ ಚಮಚದಿಂದ ಒಳಭಾಗವನ್ನು ತೋಡಿ, ಹೊರಮೈಯನ್ನು ಬೆರಳಿನಿಂದಲೇ ನಯಗೊಳಿಸಿದ. ಆತನ ಗಿಂಡಿಗಳ ಮೇಲೆ ಬೆರಳ ಗುರುತು ಮಸುಕಾಗಿ ಕಾಣುತ್ತಿತ್ತೆಂದು ಝೌ ಬರೆಯುತ್ತಾನೆ. ಇದು 16ನೆಯ ಶತಮಾನದ ಮೊದಲ ದಶಕಗಳ ಮಾತು.

ಕಲಿಸಿದ ಭಿಕ್ಷುವಿನ ಹೆಸರು? ಅದು ಬಹುಕಾಲದ ಹಿಂದೆಯೇ ಮರೆತುಹೋಯಿತೆಂದು ಝೌ ಗಾವ್‌ಚೀ ಒಪ್ಪಿಕೊಳ್ಳುತ್ತಾನೆ. ಕದ್ದು ಕಲಿತ ಸೇವಕನ ಹೆಸರು ಉಳಿಯಿತು, ಅದೂ ಎರಡು ಬಗೆಯ ಬರಹದಲ್ಲಿ. ಉತ್ಖನನದಲ್ಲಿ ದೊರೆತ, ಕಾಲ ನಿಶ್ಚಿತವಾಗಿರುವ ಅತ್ಯಂತ ಹಳೆಯ ಯೀಶಿಂಗ್ ಗಿಂಡಿ ನಾನ್‌ಜಿಂಗ್ ಬಳಿಯ ಒಂದು ಸಮಾಧಿಯದು. 1533ರಲ್ಲಿ ಹೂಳಲ್ಪಟ್ಟ ವು ಜಿಂಗ್ ಎಂಬ ಅರಮನೆಯ ನಪುಂಸಕ ಅಧಿಕಾರಿಯ ಸಮಾಧಿ ಅದು. ಅಗೆದದ್ದು 1960ರ ದಶಕದಲ್ಲಿ. ಮೇಲೆ ಕಮಾನಿನಂಥ ಹಿಡಿಯಿರುವ ಆ ಗಿಂಡಿಯ ಮೈಗೆ ಅಲ್ಲಲ್ಲಿ ಬೇರೆ ಪಾತ್ರೆಗಳ ಮೆರುಗುಲೇಪದ ಹನಿಗಳು ಸಿಡಿದು ಅಂಟಿವೆ. ಅಂದರೆ ಅದನ್ನು ಹಂಡೆ ಹರವಿಗಳ ಜೊತೆಗೇ ಒಂದೇ ಆವಿಗೆಯಲ್ಲಿಟ್ಟು ಸುಟ್ಟಿದ್ದರು. ಗಿಂಡಿಗಳಿಗೆ ಬೇರೆ ಮಣ್ಣಿನ ಪೆಟ್ಟಿಗೆ ಮಾಡಿ ಬೆಂಕಿಯಿಂದ ಕಾಪಾಡುವ ರೂಢಿ ಬಂದದ್ದು ಆಮೇಲೆ. ಈ ಗಿಂಡಿ ಮಾಡಿದವನಾರೋ ತಿಳಿಯದು.

ಮಾಡುವ ಕ್ರಮವನ್ನು ಅರಿಯದೆ ಮುಂದಿನ ಕಥೆ ಸ್ಪಷ್ಟವಾಗದು. ಮಡಕೆ ಎಂದೊಡನೆ ನಮ್ಮ ಕಣ್ಣಿಗೆ ತಿಗರಿ ಕಟ್ಟುತ್ತದೆ. ಯೀಶಿಂಗ್ ಗಿಂಡಿಯನ್ನು ತಿಗರಿಯಲ್ಲಿ ತಿರುಗಿಸಿ ಎತ್ತುವುದಿಲ್ಲ. ಜೇಡಿಯನ್ನು ಮರದ ಕೊಡತಿಯಿಂದ ಬಡಿದು ಚಪಾತಿಯಂತೆ ತೆಳ್ಳಗೆ ಮಾಡಿ, ಪಟ್ಟಿ ಕತ್ತರಿಸಿ, ಅದನ್ನು ಸುತ್ತಿ ಕೊಳವೆಯಾಗಿ ಕೂಡಿಸುತ್ತಾರೆ. ಬಳಿಕ ಆ ಕೊಳವೆಯನ್ನು ಸಣ್ಣ ತಿರುಗುಮಣೆಯ ಮೇಲಿಟ್ಟು, ಎಡಗೈ ಬೆರಳುಗಳನ್ನು ಒಳಗೆ ಆನಿಸಿ, ಬಲಗೈಯ ಮರದ ಹಲಗೆಯಿಂದ ಹೊರಗೆ ಲಘುವಾಗಿ ತಟ್ಟುತ್ತ ಹೋದರೆ ಅದು ಮೆಲ್ಲನೆ ಒಳಬಾಗಿ ಗುಂಡಗಾಗುತ್ತದೆ. ಚೌಕದ ಗಿಂಡಿಯಾದರೆ ಬಡಗಿಯಂತೆ ಹಾಳೆಗಳನ್ನು ಅಳೆದು ಕತ್ತರಿಸಿ ಜೋಡಿಸುತ್ತಾರೆ. ಮೂತಿ, ಹಿಡಿ, ಮುಚ್ಚಳಗಳನ್ನು ಬೇರೆಯಾಗಿ ಮಾಡಿ ಕೂಡಿಸಿ, ಕೊಂಬಿನ ತೆಳುಪಟ್ಟಿಯಿಂದ ಮೈಯನ್ನು ತೀಡುತ್ತಾರೆ. ಲೇಪವಿಲ್ಲದೆಯೇ 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಬೆಟ್ಟದ ಇಳಿಜಾರಿಗೆ ಒರಗಿದ ಸುಮಾರು 43 ಮೀಟರ್ ಉದ್ದದ, ಮಿಂಗ್ ಕಾಲದ ಒಂದು ಆವಿಗೆ ದಿಂಗ್‌ಶು ಸಮೀಪದ ಚಿಯೆನ್‌ಶುವಿನಲ್ಲಿ ಇಂದಿಗೂ ಇದೆ. ಲೇಪವಿಲ್ಲದ ಕಾರಣ ತಪ್ಪನ್ನು ಮುಚ್ಚಲು ಯಾವ ಮರೆಯೂ ಇಲ್ಲ. ಒಬ್ಬೊಬ್ಬನ ತಟ್ಟುವ ಲಯ, ಬೆಸುಗೆಯ ಚೊಕ್ಕತನ, ಮುಚ್ಚಳದ ಬಿಗಿ ಬೇರೆ ಬೇರೆ. ತಿಳಿದವರಿಗೆ ಅದೇ ಒಂದು ಕೈಬರಹ.

ಈ ಕೈಬರಹಕ್ಕೆ ನಿಜವಾದ ಬರಹವನ್ನು ಕೂಡಿಸಿ ಕೀರ್ತಿವಂತನಾದವನು ಮಿಂಗ್ ಯುಗದ ಕೊನೆಯ ಭಾಗದ ಶಿ ದಾಬಿನ್. ಮೊದಲು ಆತ ಗೊಂಗ್‌ಚುನ್‌ನನ್ನು ಅನುಸರಿಸಿ ದೊಡ್ಡ ಗಿಂಡಿಗಳನ್ನು ಮಾಡುತ್ತಿದ್ದ. ಚೆನ್ ಜಿರು ಮೊದಲಾದ ಸಾಹಿತಿಗಳು ಚಹಾ ಕುರಿತು ಆಡುವ ಮಾತುಗಳನ್ನು ಕೇಳಿದ ಬಳಿಕ ಚಿಕ್ಕ ಗಿಂಡಿಗಳಿಗೆ ತಿರುಗಿದ. ದೊಡ್ಡ ಪಾತ್ರೆಯಲ್ಲಿ ಪರಿಮಳ ಚೆದುರುತ್ತದೆ, ಎಲೆ ಹೆಚ್ಚು ನೆನೆದು ಕಹಿಯಾಗುತ್ತದೆ ಎಂಬುದು ಅಂದಿನ ರಸಿಕರ ಮತ. ಹೆಸರಿನ ವಿಷಯದಲ್ಲಿ ಝೌ ಗಾವ್‌ಚೀ ಒಂದು ಸೂಕ್ಷ್ಮ ವಿವರ ಕೊಡುತ್ತಾನೆ: ಆರಂಭದಲ್ಲಿ ಶಿ ದಾಬಿನ್ ಚೆನ್ನಾಗಿ ಅಕ್ಷರ ಬಲ್ಲವರಿಂದ ಹಸಿ ಗಿಂಡಿಯ ಮೇಲೆ ಮಸಿಯಲ್ಲಿ ಹೆಸರು ಬರೆಯಿಸಿ, ಬಿದಿರಿನ ಕತ್ತಿಯಿಂದ ಅದರ ಮೇಲೆ ಗೀರುತ್ತಿದ್ದ, ಕಾಲಕ್ರಮದಲ್ಲಿ ತಾನೇ ನೇರವಾಗಿ ಕತ್ತಿಯಿಂದ ಬರೆಯತೊಡಗಿದ. ಒಬ್ಬ ಕುಂಬಾರ ತನ್ನ ಹೆಸರಿಗಾಗಿ ಇನ್ನೊಬ್ಬರ ಅಕ್ಷರವನ್ನು ಅವಲಂಬಿಸುವುದನ್ನು ಬಿಟ್ಟ ಆ ಗಳಿಗೆ ನನಗೆ ಈ ಇಡೀ ಚರಿತ್ರೆಯ ನಡುಗಂಬವಾಗಿ ತೋರುತ್ತದೆ.

ಆದರೆ ಹೆಸರುಗಳಲ್ಲೂ ಮೇಲುಕೀಳುಗಳಿದ್ದವು. 19ನೆಯ ಶತಮಾನದ ಆರಂಭದಲ್ಲಿ ಯೀಶಿಂಗ್ ಪಕ್ಕದ ಲಿಯಾಂಗ್‌ನಲ್ಲಿ ಅಧಿಕಾರಿಯಾಗಿದ್ದ ಚೆನ್ ಮಾನ್‌ಶೆಂಗ್ (1768–1822) ಕವಿ, ಮುದ್ರೆ ಕೆತ್ತನೆಯ ನಿಪುಣ. ಆತನೂ ಆತನ ಗೆಳೆಯರೂ ಗಿಂಡಿಗಳ ಆಕಾರವನ್ನು ಕಲ್ಪಿಸಿ, ಮೈಮೇಲೆ ನುಡಿಗಳನ್ನು ಕೆತ್ತುತ್ತಿದ್ದರು. ಮಣ್ಣನ್ನು ಮುಟ್ಟಿ ರೂಪ ಕೊಡುತ್ತಿದ್ದವನು ಯಾಂಗ್ ಪೆಂಗ್‌ನ್ಯನ್. ಆ ಗಿಂಡಿಗಳ ತಳದಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಮುದ್ರೆ ವಿದ್ವಾಂಸನ ಕೋಣೆಯ ಹೆಸರಿನದು. ‘ಪೆಂಗ್‌ನ್ಯನ್’ ಎಂಬ ಪುಟ್ಟ ಮುದ್ರೆ ಹಿಡಿಯ ಕೆಳಗೆ, ಬೆರಳು ಮರೆಮಾಡುವ ಜಾಗದಲ್ಲಿದೆ. ಇಂದಿಗೂ ಜಗತ್ತು ಅವನ್ನು ‘ಮಾನ್‌ಶೆಂಗ್ ಗಿಂಡಿ’ಗಳೆಂದೇ ಕರೆಯುತ್ತದೆ.

ಇಷ್ಟರಲ್ಲಿ ಗಿಂಡಿ ಊರು ಬಿಟ್ಟು ಬಹುದೂರ ಹೋಗಿತ್ತು. ದಕ್ಷಿಣದ ಫೂಜಿಯನ್ ಮತ್ತು ಚಾವ್‌ಝೌ ಸೀಮೆಯ ಜನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಗಿಂಡಿಯಲ್ಲಿ ಎಲೆಯನ್ನು ತುಂಬ ಹಾಕಿ, ಕ್ಷಣಕಾಲ ಮಾತ್ರ ನೆನೆಸಿ, ಗುಟುಕಿನಷ್ಟು ಚಿಕ್ಕ ಬಟ್ಟಲುಗಳಿಗೆ ಮತ್ತೆ ಮತ್ತೆ ಬಗ್ಗಿಸುವ ಕ್ರಮವನ್ನು ಬೆಳೆಸಿದರು. ‘ಗೊಂಗ್‌ಫು ಚಾ’ ಎಂದು ಅದರ ಹೆಸರು. ನಮ್ಮ ಎರಡು ಮಾತುಗಳ ಮೂಲ ಇಲ್ಲಿ ಎದುರಾಗುತ್ತದೆ. ಫೂಜಿಯನ್ ಕರಾವಳಿಯ ಮಿನ್ನಾನ್ ನುಡಿಯಲ್ಲಿ ಚಹಾ ‘ತೆ’. ಡಚ್ ವರ್ತಕರ ಬಾಯಿಂದ ಅದು ಯುರೋಪಿಗೆ ಹೋಗಿ, ಇಂಗ್ಲಿಷಿನ ಮೂಲಕ ನಮಗೆ ‘ಟೀ’ ಆಗಿ ಬಂತು. ಚೀನಾದ ಉಳಿದೆಡೆಗಳ ‘ಚಾ’ ಬೇರೆ ದಾರಿಗಳಲ್ಲಿ ಸಂಚರಿಸಿ ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ‘ಚಹಾ’ ಆಯಿತು. ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಧಾರವಾಡದವರು ‘ಚಹಾ’ ಎಂದಾಗ ಮೈಸೂರಿನವರು ‘ಟೀ’ ಎನ್ನುವುದುಂಟಷ್ಟೆ. ಆ ಭೇದ ಚೀನಾದಲ್ಲೇ ಹುಟ್ಟಿದ್ದು.

17ನೆಯ ಶತಮಾನದಲ್ಲಿ ಚಹಾದ ಜೊತೆಗೇ ಯುರೋಪಿಗೆ ಹೋದ ಕೆಂಪು ಗಿಂಡಿಗಳನ್ನು ನೋಡಿ ಡೆಲ್ಫ್ಟ್ ನಗರದ ಆರಿ ಡೆ ಮಿಲ್ಡೆ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ನೆಲೆಸಿದ ಎಲರ್ಸ್ ಸೋದರರು, ಸ್ಯಾಕ್ಸನಿಯ ಬ್ಯೋಟ್ಗರ್ ಅನುಕರಿಸಿದರು. ಡೆ ಮಿಲ್ಡೆ ತನ್ನ ಗಿಂಡಿಗಳ ಮೇಲೆ ತನ್ನ ಹೆಸರನ್ನೇ ಒತ್ತಿದ. 18ನೆಯ ಶತಮಾನದ ಸ್ಟಾಫರ್ಡ್‌ಶೈರ್ ಕುಂಬಾರರು ಇನ್ನೂ ಮುಂದೆ ಹೋಗಿ ಚೀನೀ ಮುದ್ರೆಯಂತೆ ಕಾಣುವ, ಆದರೆ ಯಾವ ಅರ್ಥವೂ ಇಲ್ಲದ ಚೌಕ ಮುದ್ರೆಗಳನ್ನು ಒತ್ತಿದರು.

ಹೆಸರಿಗೆ ಬೆಲೆ ಬಂದಲ್ಲಿ ಹುಸಿಹೆಸರೂ ಹುಟ್ಟುತ್ತದೆ. 1930ರ ದಶಕದ ಶಾಂಘೈನಲ್ಲಿ ಹಳೆಯ ವಸ್ತುಗಳ ವರ್ತಕರು ಯೀಶಿಂಗ್‌ನ ಒಳ್ಳೆಯ ಕೈಗಳನ್ನು ಕರೆಸಿ ಪ್ರಾಚೀನರ ಪ್ರತಿಗಳನ್ನು ಮಾಡಿಸುತ್ತಿದ್ದರು. ಹಾಗೆ ಹೋದವರಲ್ಲಿ ಗು ಜಿಂಗ್‌ಝೌ (1915–1996) ಎಂಬ ಯುವಕನೂ ಒಬ್ಬ. ಮುಂದೆ 20ನೆಯ ಶತಮಾನದ ಶ್ರೇಷ್ಠ ಗಿಂಡಿಕಾರರೆನಿಸಿದ ಗು, ತಾರುಣ್ಯದಲ್ಲಿ ಹೊಟ್ಟೆಪಾಡಿಗಾಗಿ ಪರರ ಹೆಸರಿನಲ್ಲಿ ದುಡಿದರು. 17–18ನೆಯ ಶತಮಾನದ ಚೆನ್ ಮಿಂಗ್‌ಯುವಾನ್‌ನದೆಂದು ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದ್ದ ಬಿದಿರುಕಳಲೆಯಾಕಾರದ ನೀರಿನ ಪಾತ್ರೆಯೊಂದನ್ನು ನೋಡಿ, ಅದು ತನ್ನದೇ ಕೈಯದೆಂದು ಅವರು ಮುಪ್ಪಿನಲ್ಲಿ ಗುರುತಿಸಿದ ಸಂಗತಿ ಚೀನಾದಲ್ಲಿ ಪ್ರಸಿದ್ಧ.

ಗೊಂಗ್‌ಚುನ್‌ನದೆನ್ನುವ ಗಿಂಡಿಯ ಕಥೆ ಇನ್ನೂ ಸ್ವಾರಸ್ಯ. ಮರದ ಗಂಟಿನಂತೆ ಉಬ್ಬುತಗ್ಗಿನ ಮೈಯುಳ್ಳ ಅದನ್ನು ಚು ನಾನ್‌ಚಿಯಾಂಗ್ ಎಂಬ ಯೀಶಿಂಗ್‌ನ ಗಣ್ಯರು 1928ರಲ್ಲಿ ಸೂಝೌ ನಗರದ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡರು. ಅದರ ಮುಚ್ಚಳವನ್ನು 19ನೆಯ ಶತಮಾನದ ಹುವಾಂಗ್ ಯೂಲಿನ್, ಆಕಾರವನ್ನು ಕುಂಬಳವೆಂದು ಭಾವಿಸಿ, ಕುಂಬಳದ ತೊಟ್ಟಿನಂತೆ ಮಾಡಿದ್ದನಂತೆ. ಚಿತ್ರಕಾರ ಹುವಾಂಗ್ ಬಿನ್‌ಹಾಂಗ್ ಅದು ಕುಂಬಳವಲ್ಲ, ಮರದ ಗಂಟು ಎಂದು ತೋರಿಸಿಕೊಟ್ಟ ಮೇಲೆ ಪೇ ಶಿಮಿನ್ ಹೊಸ ಮುಚ್ಚಳ ಮಾಡಿದರು. ಈ ಎಲ್ಲ ವೃತ್ತಾಂತವನ್ನು ಆ ಮುಚ್ಚಳದ ಮೇಲೆಯೇ ಕೆತ್ತಲಾಯಿತು. ಚು ಅದನ್ನು ರಾಷ್ಟ್ರಕ್ಕೆ ದಾನ ಮಾಡಿದರು. ಈಗ ಅದು ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮುಚ್ಚಳ ಮಾತ್ರವಲ್ಲ, ಇಡೀ ಗಿಂಡಿಯೇ ಹುವಾಂಗ್ ಯೂಲಿನ್‌ನದು ಎಂಬುದು ಗು ಜಿಂಗ್‌ಝೌ ಅವರ ಅಭಿಮತ. ಹುಸಿಹೆಸರಿನಲ್ಲಿ ದುಡಿದ ಕೈಯೇ ಹೆಸರುಗಳ ನಿಜವನ್ನು ಅಳೆಯಲು ತಕ್ಕ ಕೈಯಾಯಿತು. ಮುದ್ರೆಯನ್ನು ಯಾರೂ ಕೆತ್ತಿಸಬಹುದು. ತಟ್ಟುವ ಲಯವನ್ನು ಸಾಲ ತರಲಾಗದು ಎಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

1950ರ ದಶಕದಲ್ಲಿ ಚದುರಿಹೋಗಿದ್ದ ಕುಶಲಿಗಳನ್ನು ಸಹಕಾರ ಸಂಘದಲ್ಲಿ ಕೂಡಿಸಿದಾಗ ಗು ಮೊದಲಾದ ಹಿರಿಯರು ಕಿರಿಯರಿಗೆ ವಿದ್ಯೆ ಕಲಿಸಿದರು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ವ್ಯಕ್ತಿಯ ಹೆಸರಿಗೆ ಎಡೆಯಿರಲಿಲ್ಲ. ಕಾರ್ಖಾನೆಯ ಗಿಂಡಿಗಳ ತಳದಲ್ಲಿ ‘ಚೀನಾ ಯೀಶಿಂಗ್’ ಎಂಬ ಮುದ್ರೆಯಷ್ಟೇ ಬಿತ್ತು. ಕಾಲಚಕ್ರ ಉರುಳಿತು. ಗು 1948ರಲ್ಲಿ ಮಾಡಿ, ಚಿತ್ರಕಾರ ವು ಹೂಫಾನ್ ಬಿದಿರು ಮತ್ತು ಅಕ್ಷರಗಳಿಂದ ಅಲಂಕರಿಸಿದ ಒಂದು ಗಿಂಡಿ 2010ರ ಹರಾಜಿನಲ್ಲಿ 1 ಕೋಟಿ 20 ಲಕ್ಷ ಯುವಾನ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಈಗ ಗು ಅವರ ಹೆಸರಿನ ಹುಸಿಮುದ್ರೆಗಳೂ ಪೇಟೆಯಲ್ಲಿ ಧಾರಾಳ.

ಲೇಪವಿಲ್ಲದ ಈ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳಿವೆ. ದಿನವೂ ಬಳಸಿ, ಬಿಸಿಯಿರುವಾಗಲೇ ಬಟ್ಟೆಯಿಂದ ಒರೆಸುತ್ತ ಬಂದರೆ ಮೈಗೆ ಒಳಗಿನಿಂದ ಹೊಮ್ಮಿದಂಥ ಕಾಂತಿ ಬರುತ್ತದೆ. ಚೀನೀಯರು ಇದನ್ನು ಗಿಂಡಿಯನ್ನು ‘ಸಾಕುವುದು’ ಎನ್ನುತ್ತಾರೆ. ಹತ್ತಾರು ವರ್ಷ ಸಾಕಿದವನ ಹೆಸರು ಗಿಂಡಿಯ ಮೇಲೆ ಎಲ್ಲಿಯೂ ಇರುವುದಿಲ್ಲ. ಆದರೆ ಆ ಹೊಳಪು ಅವನದು. ಜಿನ್‌ಶಾ ದೇಗುಲದ ಭಿಕ್ಷುವಿನ ಪಾಡೂ ಇದೇ. ಅವನ ಒಂದು ಗಿಂಡಿಯನ್ನೂ ಇಂದು ಯಾರೂ ತೋರಿಸಲಾರರು. ಹೆಸರುಗಳಿಗಾಗಿ ಕೋಟಿ ಸುರಿಯುವ ಈ ಲೋಕದಲ್ಲಿ ಮೊದಲ ಪಾಠ ಹೇಳಿಕೊಟ್ಟವನು ಗಾದೆಯ ಕುಂಬಾರನಂತೆ ಹೆಸರಿಲ್ಲದೆಯೇ ಉಳಿದಿದ್ದಾನೆ. ದಿಂಗ್‌ಶುವಿನಲ್ಲಿ ಇಂದು ಹಲಗೆ ಹಿಡಿದು ತಟ್ಟಲು ಕಲಿಯುವ ಮಕ್ಕಳು ಅವನ ವಿದ್ಯೆಯನ್ನೇ ಕಲಿಯುತ್ತಿದ್ದಾರೆ.