ಅಟ್ಟದ ಮೇಲಿನ ಕೌಜುಗದ ಪಂಜರ

ಮೊನ್ನೆ ತವರಿಗೆ ಹೋಗಿದ್ದಾಗ ಅಟ್ಟ ಗುಡಿಸ್ತಾ ಹಳೇ ಬಿದಿರು ಪಂಜರ ಸಿಕ್ತು. "ಕೋಳಿಮರೀದಾ ಅಕ್ಕ?" ಅಂದ್ಳು ತಮ್ಮನ ಹೆಂಡ್ತಿ. ಕೋಳೀದಲ್ಲ ಕಣಮ್ಮ, ಕೌಜುಗದ್ದು ಅಂದೆ. ಆ ಕಥೆ ನಿಮಗೂ ಹೇಳ್ತೀನಿ.

ಚಳಿಗಾಲಕ್ಕೆ ಕೆರೆಗೆ ಬಾತು ಇಳಿಯೋವು. ತಾತನ ಹತ್ರ ಕೋವಿ ಎಲ್ಲಿತ್ತು? ಅಜ್ಜಿ ಬಿತ್ತನೆ ಬೀಜ ತುಂಬಿಡೋ ಒಣ ಸೋರೆಬುರುಡೆಗಳನ್ನೇ ಎತ್ಕೊಂಡು ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ನೀರಲ್ಲಿ ತೇಲಿಬಿಡೋರು. ನಾಲ್ಕೈದು ದಿನ ಆ ಕಡೆ ಸುಳಿಯಂಗಿಲ್ಲ. ಮೊದಲು ಹೆದರಿ ದೂರ ಇದ್ದ ಬಾತುಗಳು ಆಮೇಲೆ ಬುರುಡೆ ಮಧ್ಯೇನೇ ಈಜೋವು. ಆಗ ತಾತ ಕಣ್ಣಿಗೆರಡು ತೂತು ಕೊರೆದ ದೊಡ್ಡ ಬುರುಡೆ ತಲೆಗೆ ಹಾಕ್ಕೊಂಡು, ಕತ್ತುಮಟ್ಟ ನೀರಲ್ಲಿ ಸದ್ದಿಲ್ಲದೆ ನಡೆದು, ಕೆಳಗಿಂದ ಕಾಲು ಹಿಡಿದು ಎಳೆಯೋರು. ಬೇರೆ ಕಡೆ ಗಡಿಗೆ ತೇಲಿಬಿಟ್ಟು ಹಿಂಗೇ ಹಿಡೀತಿದ್ರಂತೆ, ಬ್ರಿಟಿಷರ ಕಾಲದ ಶಿಕಾರಿ ಪುಸ್ತಕಗಳಲ್ಲಿ ಐತೆ. ಅಜ್ಜಿ ಮಾತ್ರ ಹೀರೇಬೀಜ ಎಲ್ಲಿ ಸುರಿದ್ರೋ ಅಂತ ವರ್ಷವೆಲ್ಲ ಬೈಯೋಳು.

ಅಮೆರಿಕದ ನೆವಾಡಾದಾಗೆ ಲವ್‌ಲಾಕ್ ಅನ್ನೋ ಗವಿ ಐತೆ. ಅಲ್ಲಿ 1924ರಲ್ಲಿ ಜೊಂಡಿನಲ್ಲಿ ಹೆಣೆದ ಬಾತಿನ ಬೊಂಬೆ ಸಿಕ್ಕಿದ್ವು, ಸುಮಾರು 2,000 ವರ್ಷದವು. ಕೆಲವಕ್ಕೆ ನಿಜವಾದ ಪುಕ್ಕಾನೂ ಸಿಕ್ಕಿಸಿದ್ರು. ಹೆಣೆದೋರು ಗಂಡಸರೋ ಹೆಂಗಸರೋ, ಕೈ ಮಾತ್ರ ಬಲು ನೇರ್ಪು.

ಬುರುಡೆಗೆ ಜೀವ ಇಲ್ಲ, ಪಾಪ ಅನಿಸಲ್ಲ. ಕೌಜುಗದ್ದು ಬೇರೆ. ಹಿಂಗೆ ತನ್ನ ಜಾತಿಯನ್ನೇ ಕರೆದು ಸಿಕ್ಕಿಸೋ ಸಾಕಿದ ಪ್ರಾಣಿಗೆ ಹಳಗನ್ನಡದಲ್ಲಿ ದೀವ ಅನ್ನೋರು. 12ನೇ ಶತಮಾನದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೂ ಪಳಗಿಸಿದ ಜಿಂಕೆ ಮುಂದಿಟ್ಕೊಂಡು ಜಿಂಕೆ ಹಿಡಿಯೋ ವಿಷಯ ಬರ್ತದೆ. ದೊರೆಗೆ ಜಿಂಕೆ, ನಮ್ಮ ತಾತಂಗೆ ಕೌಜುಗ! ಪಂಜರದಾಗಿನ ಹುಂಜ ಹೊಲದ ಬದೀಲಿ ಕೂಗಿದ್ರೆ, ಇದು ನನ್ನ ಜಾಗ, ನೀನ್ಯಾರು ಅಂತ ಕಾಡಿನ ಹುಂಜ ಜಗಳಕ್ಕೆ ಓಡಿ ಬರೋದು. ಸುತ್ತ ಕಟ್ಟಿರೋ ದಾರದ ಉರುಲಿಗೆ ಸಿಕ್ಕೋದು.

ಆ ಹಕ್ಕೀನ ಸಾಕಿದ್ದು ಅಜ್ಜಿ. ಸಗಣಿ, ಹುಲ್ಲು ತುಂಬಿದ ಮಡಕೆ ಹುತ್ತದ ಹತ್ರ ರಾತ್ರಿ ಬೋರಲು ಹಾಕಿ, ಬೆಳಿಗ್ಗೆ ಗೆದ್ದಲು ತಂದು ಕೈಯಲ್ಲೇ ತಿನ್ನಿಸೋಳು. ಕೌಜುಗದ ಸಾರು ನಾವೂ ಉಂಡೀವಿ, ಸುಳ್ಳು ಯಾಕೆ ಹೇಳಲಿ. 1972ರಲ್ಲೇ ವನ್ಯಜೀವಿ ರಕ್ಷಣಾ ಕಾಯ್ದೆ ಬಂದಿತ್ತು. ನಮ್ಮನೆ ಒಲೆ ಮುಂದೆ ಅದರ ಮಾತೇ ಇರಲಿಲ್ಲ.

ಒಂದಿನ ತಾತ ಏಳು ಹಕ್ಕಿ ತಂದ್ರು. ಅಜ್ಜಿ ಖಾರ ಅರೆದು ಕೊಟ್ಟು, ಕೈ ತೊಳೆದು, ಹೋಗಿ ಪಂಜರದ ಬಾಗಿಲು ತೆಗೆದ್ಲು. ಹಕ್ಕಿ ಹೋಗ್ಲೇ ಇಲ್ಲ. ಸಂಜೆ ತನಕ ಬಾಗಿಲಲ್ಲೇ ಗೆದ್ದಲಿಗೆ ಕಾಯ್ತಾ ಕೂತಿತ್ತು. ಅಜ್ಜಿ ಬೈಕೊಂತಾನೇ ತಂದು ಹಾಕಿದ್ಲು.

ಅದು ಸತ್ತ ಮೇಲೆ ತಾತ ಇನ್ನೊಂದು ಮರಿ ತಂದ್ರು. ಅಜ್ಜಿ ಮಡಕೆ ಬೋರಲು ಹಾಕಲಿಲ್ಲ, ಅಷ್ಟೇ. ಮೂರು ದಿನ ನೋಡಿ ತಾತನೇ ಮರೀನ ಹೊಲಕ್ಕೆ ಬಿಟ್ಟು ಬಂದ್ರು.